ಸಮುದ್ರವಿಲ್ಲದವರ ಸುದ್ದಿ

ಮೈಸೂರು
ಜೂನ್ ೧೫, ೨೦೨೫

ಪ್ರೀತಿಯ ಅತ್ತೆಗೆ,

ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಬೇಕೆಂದು ತಿಳಿಯದೆ ಹಾಗೇ ಬರೆದಿದ್ದೇನೆ, ಕೋಪ ಮಾಡಿಕೊಳ್ಳಬೇಡಿ. ಕೋರ್ಟಿನ ಆದೇಶ ಬಂದು ತಿಂಗಳಾಯಿತು. ದಯಾನಂದ್ ಅವರಿಗೂ ನನಗೂ ಇನ್ನು ಸಂಬಂಧವಿಲ್ಲ ಎಂದು ಅದರಲ್ಲಿದೆ. ಅಂದಿನಿಂದ ಸಂಜೆ ಏಳಾದರೆ ಫೋನು ಕೈಗೆತ್ತಿಕೊಳ್ಳುತ್ತೇನೆ, ನಿಮ್ಮ ಹೆಸರು ನೋಡುತ್ತೇನೆ, ಇಟ್ಟುಬಿಡುತ್ತೇನೆ. ನೀವೂ ಮಾಡಲಿಲ್ಲ. ನೀವು ಅವರ ತಾಯಿ, ನಾನು ಹೇಗೆ ತಪ್ಪು ಹೇಳಲಿ? ಆದರೆ ನಿಮಗೆ ಹೇಳದೆ ಉಳಿದ ಸುದ್ದಿ ಬಹಳ ಇದೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಅತ್ತುಬಿಡುತ್ತೇನೆ ಎಂದು ಕಾಗದ ಹಿಡಿದಿದ್ದೇನೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಎಂ.ಎ. ಮುಗಿಯಿತು. ಕೊನೆಯ ಸೆಮಿನಾರಿನಲ್ಲಿ ಇಂಗ್ಲಿಷಿನಲ್ಲೇ ಮಾತಾಡಿದೆ, ಚೆನ್ನಾಗಿಯೇ ಆಯಿತು. ಅದನ್ನು ಕೇಳಲು ದೆಹಲಿಯಿಂದ ಬಂದಿದ್ದ ಒಬ್ಬ ಮೇಡಂ ತಮ್ಮ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಕೊಟ್ಟಿದ್ದಾರೆ. ದಿನವೂ ನಾಲ್ಕಾರು ದೇಶಗಳ ಪತ್ರಿಕೆ ಓದಿ ಸಾರಾಂಶ ಬರೆದುಕೊಡುವ ಕೆಲಸ. ನಗಬೇಡಿ. ಪೇಪರ್ ಓದುವುದಕ್ಕೆ ಸಂಬಳ ಕೊಡುವವರೂ ಇದ್ದಾರೆ.

ಇದೆಲ್ಲ ನಿಮ್ಮಿಂದ ಆಯಿತು ಎಂದರೆ ನೀವು ಒಪ್ಪುವುದಿಲ್ಲ. "ಸುಮ್ಕಿರೇ, ನಂಗೇನ್ ಗೊತ್ತು ಇಂಗ್ಲಿಷು" ಅನ್ನುತ್ತೀರಿ. ಅದಕ್ಕೇ ಬಿಡಿಸಿ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ದಯಾನಂದ್ ಅವರು ಹುಬ್ಬಳ್ಳಿಗೆ ಹೋದವರು ನನ್ನನ್ನು ಕರೆಸಿಕೊಳ್ಳಲಿಲ್ಲ. ನಾನು ಹಾಲ್ಕುರಿಕೆಯಲ್ಲೇ ನಿಮ್ಮ ಜೊತೆ ಉಳಿದೆ. ಆ ವಿಷಯ ಹೆಚ್ಚು ಬರೆಯುವುದಿಲ್ಲ. ಅವರು ಕೆಟ್ಟವರಲ್ಲ, ನಮ್ಮಿಬ್ಬರಿಗೂ ಹೊಂದಲಿಲ್ಲ, ಅಷ್ಟೇ. ಊರಿನವರು ನನ್ನನ್ನು ತುರುವೇಕೆರೆಗೆ, ತವರಿಗೆ ಕಳಿಸು ಎಂದು ನಿಮಗೆ ಹೇಳಿದರು. ನೀವು ತವರಿಗೆ ಕಳಿಸದೆ ಮೈಸೂರಿಗೆ ಕಳಿಸಿದಿರಿ. ಅಂತರರಾಷ್ಟ್ರೀಯ ಸಂಬಂಧಗಳು ಎಂಬ ವಿಷಯ ಓದುತ್ತೇನೆ ಎಂದಾಗ, "ಮನೆ ಸಂಬಂಧವೇ ನೆಟ್ಟಗಿಲ್ಲ, ದೇಶದ್ದು ಓದ್ತೀಯಾ? ಓದು ಓದು" ಅಂದಿರಿ. ನನಗೆ ಅಳು ಬರಬೇಕಾಗಿತ್ತು, ನಗು ಬಂತು.

ಇಲ್ಲಿ ರೇಣುಕಪ್ರಸಾದ್ ಮೇಷ್ಟ್ರದು ಒಂದೇ ಪಟ್ಟು. ಪಾಠ ಶುರುವಾಗುವ ಮೊದಲು ಯಾರಾದರೂ ಒಬ್ಬರು ಎದ್ದು ಹಿಂದಿನ ದಿನದ ಇಂಗ್ಲಿಷ್ ಪತ್ರಿಕೆಯ ವಿದೇಶ ಪುಟದಿಂದ ಒಂದು ಸುದ್ದಿಯನ್ನು ಇಂಗ್ಲಿಷಿನಲ್ಲೇ ಹೇಳಬೇಕು. ನನ್ನ ಸರದಿ ಬಂದ ದಿನ ಎದ್ದು ನಿಂತೆ. ಬಾಯಿ ಬಿಟ್ಟೆ. ಏನೂ ಬರಲಿಲ್ಲ, ಕೂತೆ. ಹಿಂದಿನ ದಿನವೆಲ್ಲ ಹಾಸ್ಟೆಲಿನ ನೆಲದ ಮೇಲೆ ಪೇಪರ್ ಹರಡಿಕೊಂಡು ಒಂದೊಂದು ಪದಕ್ಕೂ ನಿಘಂಟು ನೋಡಿದ್ದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿತ್ತು. ಅಂದು ಸಂಜೆ ನಿಮಗೆ ಫೋನ್ ಮಾಡಿ ವಾಪಸ್ ಬರುತ್ತೇನೆ ಎಂದು ಅತ್ತುಬಿಟ್ಟೆ.

ನೀವು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ಇಂಗ್ಲಿಷ್ನಾಗೆ ಆಮೇಲ್ ಹೇಳುವಂತೆ, ಮೊದ್ಲು ನಂಗ್ ಹೇಳು. ಏನ್ ಬರ್ದವ್ರೆ ಅದ್ರಾಗೆ?" ಅಂದಿರಿ. ಮೂಗು ಒರೆಸಿಕೊಂಡು ಹೇಳಿದೆ. ಸಮುದ್ರವೇ ಇಲ್ಲದ ಒಂದು ದೇಶ ಇದೆ, ಅದರ ಸರಕು ಹಡಗು ಸೇರಬೇಕಾದರೆ ಪಕ್ಕದ ದೇಶ ದಾರಿ ಬಿಡಬೇಕು, ಪಕ್ಕದವರು ಬಿಡುತ್ತಿಲ್ಲ ಅಂತ. ನೀವು, "ಅಯ್ಯೋ, ಅಲ್ಲೂ ದುರ್ಗಯ್ಯ ಅವ್ನಾ?" ಅಂದಿರಿ.

ನಮ್ಮ ತೋಟಕ್ಕೆ ಹೋಗುವ ಗಾಡಿದಾರಿಗೆ ಪಕ್ಕದ ತೋಟದ ದುರ್ಗಯ್ಯ ಬೇಲಿ ಹಾಕಿದ್ದು, ನಾವು ತೆಂಗಿನಕಾಯಿ ತುಂಬಿದ ಮಂಕರಿ ತಲೆ ಮೇಲೆ ಹೊತ್ತು ಕೆರೆ ಏರಿ ಸುತ್ತಿ ಬರುತ್ತಿದ್ದದ್ದು, ನೀವು ಏರಿ ಮೇಲೆ ನಿಂತು ಅವನ ವಂಶವನ್ನೆಲ್ಲ ನೆನೆಯುತ್ತಿದ್ದದ್ದು, ಎಲ್ಲ ಕಣ್ಣ ಮುಂದೆ ಬಂತು. ಅಲ್ಲಿಗೆ ಆ ಸುದ್ದಿ ನನಗೆ ಅರ್ಥವಾಯಿತು. ಅಲ್ಲಿವರೆಗೆ ಅದರ ಪದಗಳಷ್ಟೇ ನನಗೆ ಗೊತ್ತಿದ್ದವು.

ಆಮೇಲೆ ದಿನಾ ಏಳು ಗಂಟೆಗೆ ನಿಮ್ಮ ಪರೀಕ್ಷೆ. "ಆ ಸಮುದ್ರ ಇಲ್ದೋರ್ದು ಏನಾಯ್ತು?" ಒಂದು ದಿನ, ಪಕ್ಕದ ದೇಶ ಒಪ್ಪಿಕೊಂಡಿದೆಯಂತೆ ಎಂದೆ. "ಅವ್ನೇ ಹೇಳಿದ್ನಾ, ಹೇಳ್ದ ಅಂತ ಇನ್ಯಾರಾನ ಹೇಳಿದ್ರಾ?" ಎಂದು ಕೇಳಿದಿರಿ. ಹೋಗಿ ಮತ್ತೆ ಓದಿದೆ. ಹೆಸರು ಹೇಳಲು ಇಷ್ಟಪಡದ ಅಧಿಕಾರಿ ಎಂದಿತ್ತು. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಯಾರು ಹೇಳಿದರು, ಯಾಕೆ ಈಗಲೇ ಹೇಳಿದರು, ಇದರಿಂದ ಯಾರಿಗೆ ಅನುಕೂಲ ಎಂದು ನೀವು ಕೇಳುತ್ತೀರೆಂದೇ ಹುಡುಕಿಕೊಂಡು ಓದತೊಡಗಿದೆ. ಪೇಪರಿನಲ್ಲಿ ಅವರ ಸುದ್ದಿ ಬಾರದ ದಿನ ನಿಮಗೆ ಏನು ಹೇಳುವುದು ಎಂಬ ಚಿಂತೆಗೆ ಒಳಪುಟಗಳನ್ನೂ ಓದಿದೆ, ಸಂಪಾದಕೀಯವನ್ನೂ ಬಿಡಲಿಲ್ಲ.

ಪದಗಳ ಕಾಟ ಹೇಳಿದಾಗ ನೀವು ಏನಂದಿರಿ ನೆನಪಿದೆಯೇ? "ಎಲ್ಲಾ ಕಾಯೂ ಇವತ್ತೇ ಒಡೀಬೇಕಾ? ತಿಳೀದಿದ್ದನ್ನ ಅಟ್ಟಕ್ಕಾಕು." ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಹಾಕಿದ್ದ ಕಾಯಿಗಳನ್ನು ಅವಸರಕ್ಕೆ ಒಡೆದು, ಒಳಗೆ ಇನ್ನೂ ನೀರಿದ್ದು, ಕೊಬ್ಬರಿ ಕೆಟ್ಟು, ನೀವು ಬೈಯದೆ ಒಂದೊಂದು ಕಾಯಿಯನ್ನೂ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದಿರಲ್ಲ, ಒಳಗೆ ಒಣಗಿದ ಗಿಟುಕು ಲೊಟಲೊಟ ಅನ್ನುವ ತನಕ ಮುಟ್ಟಬಾರದು ಅಂತ. ಹಾಗೇ ಮಾಡಿದೆ. ಗೊತ್ತಿಲ್ಲದ ಪದವನ್ನು ಬಿಟ್ಟು ಮುಂದೆ ಹೋದೆ. ಅದೇ ಪದ ಬೇರೆ ಬೇರೆ ಸುದ್ದಿಯಲ್ಲಿ ಸಿಕ್ಕಿ ಸಿಕ್ಕಿ ಒಂದು ದಿನ ತಾನೇ ತಿಳಿಯುತ್ತಿತ್ತು. ತಿಳಿಯದೇ ಹೋದದ್ದಕ್ಕೆ ಮಾತ್ರ ನಿಘಂಟು.

ಈಗ ಸೆಮಿನಾರಿನ ಕಥೆ. ವಿಷಯ ಯಾವುದಿರುತ್ತದೆ, ಸಮುದ್ರವಿಲ್ಲದವರದ್ದೇ. ಅರ್ಧದ ತನಕ ಸರಾಗವಾಗಿ ಮಾತಾಡಿದೆ. ಆಗ ದೆಹಲಿ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು, ಕರಾವಳಿ ಇರುವ ದೇಶಕ್ಕೆ ದಾರಿ ಬಿಡಬೇಕಾದ ದರ್ದಾದರೂ ಏನು ಅಂತ. ಮತ್ತೆ ಆ ಮೊದಲ ದಿನದ ಭಯ ಬಂತು, ಕೈಲಿದ್ದ ಹಾಳೆಗಳನ್ನು ತಿರುವಿ ನೋಡಿದೆ. ಆಗ ನೀವು ಒಂದು ಸಂಜೆ, "ಸುಮ್ಸುಮ್ಕೆ ಯಾರ್ ಬುಡ್ತಾರೆ ದಾರೀನ? ಅವ್ನಿಗೂ ನಮ್ತಾವ ಏನಾನ ಬೇಕಾಗಿರ್ಬೇಕು" ಅಂದದ್ದು ನೆನಪಾಯಿತು. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುವ ಭರದಲ್ಲಿ ಆ ದೇಶದ ಹೆಸರು ಹೇಳುವ ಬದಲು, ನಮ್ಮಿಂದ ಏನಾದರೂ ಸಿಗದೆ ದುರ್ಗಯ್ಯ ದಾರಿ ಬಿಡುವುದಿಲ್ಲ ಅಂದುಬಿಟ್ಟೆ. ಎರಡು ವರ್ಷ ಫೋನಿನಲ್ಲಿ ನಾವು ಅದನ್ನು ದುರ್ಗಯ್ಯ ಎಂದೇ ಕರೆದದ್ದು, ನನ್ನ ಬಾಯಿ ಏನು ಮಾಡೀತು?

ಮೇಷ್ಟ್ರು ಕನ್ನಡಕ ತೆಗೆದು, ಯಾರಮ್ಮ ದುರ್ಗಯ್ಯ ಎಂದರು. ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತು. ಬೇಲಿ, ಗಾಡಿದಾರಿ, ಮಂಕರಿ, ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೇಡಂ ಆಮೇಲೆ ನನ್ನನ್ನು ಕರೆದು, ಪೇಪರ್ ಓದುವುದನ್ನು ಯಾರು ಕಲಿಸಿದರು ಎಂದು ಕೇಳಿದರು. ನಮ್ಮ ಅತ್ತೆ ಎಂದೆ. ಕೋರ್ಟಿನ ಆದೇಶ ಬಂದು ಆಗಲೇ ವಾರವಾಗಿತ್ತು. ಆದರೂ ಹಾಗೇ ಅಂದೆ.

ಬರುವ ತಿಂಗಳು ದೆಹಲಿಗೆ ಹೊರಡುತ್ತೇನೆ. ಅದಕ್ಕೆ ಮುಂಚೆ ಒಂದು ಕೇಳುವುದಿದೆ. ನಿಮ್ಮ ಸೊಸೆಯಲ್ಲದ ನಾನು ಏಳು ಗಂಟೆಗೆ ನಿಮಗೆ ಫೋನ್ ಮಾಡಬಹುದೇ? ಬೇಡವೆನ್ನಿಸಿದರೆ ಉತ್ತರ ಬರೆಯಬೇಡಿ, ನನಗೆ ತಿಳಿಯುತ್ತದೆ. ನಿಮ್ಮ ಋಣ ಮಾತ್ರ ಎಲ್ಲಿದ್ದರೂ ನೆನೆಯುತ್ತೇನೆ.

ನಿಮ್ಮ
ಯೋಗಿತಾ

ಮರೆತಿದ್ದೆ: ಸಮುದ್ರವಿಲ್ಲದವರ ಮಾತುಕತೆ ಮೊನ್ನೆ ಮತ್ತೆ ಶುರುವಾಗಿದೆ. ಅದು ಕಾಗದದಲ್ಲಿ ಬರೆಯುವಂಥದ್ದಲ್ಲ, ಹೇಳಬೇಕು.

*

ಹಾಲ್ಕುರಿಕೆ
ಶುಕ್ರವಾರ

ಯೋಗೀ,

ಕಾಗದ ಬಂತು ಕಣೇ. ಕನ್ನಡಕ ಹಾಕ್ಕೊಂಡು ಓದ್ದೆ, ಕಣ್ಣೊರೆಸ್ಕೊಂಡು ಇನ್ನೊಂದ್ಸಲ ಓದ್ದೆ. ನಾನ್ಯಾಕೆ ಫೋನ್ ಮಾಡ್ಲಿಲ್ಲ ಅಂದ್ರೆ, ಎಲ್ಲಾ ಮುಗೀತು, ಈ ಮುದುಕಿ ಇನ್ನೂ ಬುಡಲ್ವಲ್ಲ ಅಂದ್ಕೋತೀಯೇನೋ ಅಂತ. ಏಳಾದ್ರೆ ಫೋನ್ ಮಡ್ಲಲ್ಲಿಟ್ಕೊಂಡು ಜಗಲಿ ಮೇಲೆ ಕೂತಿರ್ತೀನಿ. ನಾವಿಬ್ರೂ ಸೇರಿ ದಡ್ಡತನ ಮಾಡಿದ್ದೀವಿ ಬುಡು.

ಡೆಲ್ಲಿಗೆ ಹೋಗು. ಅಲ್ಲಿ ಚಳಿಗಾಲ ಬಲು ಜೋರಂತೆ, ದಪ್ಪದ್ದು ಒಂದು ಶಾಲು ತಗೋ. ನಂಗೆ ಎಷ್ಟು ಸಂತೋಷ ಆಯ್ತು ಅಂತ ಬರೆಯಕ್ಕೆ ಬರಲ್ಲ.

ಇಲ್ಲೊಂದು ಸುದ್ದಿ ಐತೆ, ಇದನ್ನ ನಾನೇ ಹೇಳ್ತಾ ಇರೋದು, ಇನ್ಯಾರೋ ಹೇಳಿದ್ದಲ್ಲ. ದುರ್ಗಯ್ಯ ಬೇಲಿ ಕಿತ್ತ. ಅವ್ನ ಬೋರು ಬತ್ತೋಗಿ ತೆಂಗಿನ ಸಸಿ ಒಣಗ್ತಾ ಇದ್ವು. ಮುಂಚೆ ಆಗಿದ್ರೆ ಒಣಗ್ಲಿ ಅಂತಿದ್ದೆ. ನೀನು ದಿನಾ ಓದಿ ಹೇಳ್ತಿದ್ಯಲ್ಲ, ಅವ್ನಿಗೂ ಏನಾನ ಬೇಕಾಗಿರ್ಬೇಕು ಅಂತ ನಾನೇ ಅಂದೂ ಇದ್ದೆ. ನಾನೇ ಹೋಗಿ ಅವ್ನ ಜಗಲಿ ಮೇಲೆ ಕೂತು, ನಮ್ಮ ಬೋರಿಂದ ನೀರು ಬುಡ್ತೀನಿ, ನೀನು ದಾರಿ ಬುಡು ಅಂದೆ. ಬೇಲಿ ಕೀಳೋವಾಗ ಅವ್ನ ಹೆಂಡ್ತಿ ಕಾಫಿ ಕೊಟ್ಳು. ಈಗ ಗಾಡಿ ಸೀದಾ ತೋಟಕ್ಕೋಗ್ತದೆ. ಅವ್ನ ಹೆಸ್ರು ಮೈಸೂರ್ನಾಗೆ ಇಂಗ್ಲಿಷ್ನಾಗೆ ಹೇಳಿದ್ದೀಯ ಅಂದ್ರೆ ಮೀಸೆ ತಿರುವ್ತಾನೆ, ನಾನು ಹೇಳಲ್ಲ.

ಡೆಲ್ಲಿಗೆ ಹೋಗೋ ಮುಂಚೆ ಬಂದು ಹೋಗು. ಕೊಬ್ಬರಿ ಕಟ್ಟಿಕೊಡ್ತೀನಿ. ಅಟ್ಟದಾಗಿನ ಕಾಯಿ ಲೊಟಲೊಟ ಅಂತಾವೆ.

ನಿನ್ನ ಅತ್ತೆ
ಸಿದ್ದಗಂಗಮ್ಮ

ಇದೊಂದು ಬರೆಯೋದು ಬಿಟ್ಟೋಗಿತ್ತು. ಆ ಕೋರ್ಟಿನ ಕಾಗದ ಅವ್ನಿಗೂ ನಿಂಗೂ ಬಂದಿರೋದು. ನಂಗೆ ಯಾವ ಕಾಗದಾನೂ ಬಂದಿಲ್ಲ. ಬಂದ್ರೂ ನಾನು ರುಜು ಹಾಕಲ್ಲ.