ಒಂದು ನಂಬರ್ ದೊಡ್ಡ ಬೂಟು

ರೀ,

ನೀವು ಸ್ಕೇಟಿಂಗ್ ಬೂಟು ತಂದಿದ್ದಕ್ಕ ಭಾಳ ಖುಷಿ ಆತು. ಆದರ ನಮ್ಮ ಮಾಂತುಗ ಸಾಲಿ ಬೂಟು ತರತಿದ್ದಂಗ ಒಂದು ನಂಬರ್ ದೊಡ್ಡದು ಯಾಕ ತಂದ್ರಿ? ನಲವತ್ತೇಳನೇ ವರ್ಷಕ್ಕ ನನ್ನ ಕಾಲು ಇನ್ನೂ ಬೆಳೀತಾವೇನು? ಎರಡು ಜೋಡಿ ಕಾಲುಚೀಲ ಹಾಕ್ಕೊಂಡು ಮುಂಜಾನಿಂದ ಹತ್ತು ಸಲ ನಿಂತು ನೋಡಿದೆ, ಹಿಮ್ಮಡಿ ಒಳಗ ಕುಣೀತದ. ಮಾಲಿನಾಗಿನ ಬರ್ಫದ ಮ್ಯಾಲೆ ಹಿಂಗಾದ್ರ ಕಾಲು ಮುರಕೊಂಡಂಗನ.

ಇವತ್ತ ಬಾಡಿಗಿ ಬೂಟಿನಾಗ ಕ್ಲಾಸಿಗೆ ಹೊಂಟೀನಿ.

ಪೆಟ್ಟಿಗಿ ಟೀವಿ ಮುಂದ ಅದ, ಬಿಲ್ಲು ಅದರಾಗ. ಥರ್ಮಾಸಿನಾಗಿನ ಚಹಾ ಕುಡದು ಸೀದಾ ಶಿವಾಜಿನಗರದ ಅಂಗಡಿಗೆ ಹೋಗಿ ಬದಲಿ ಮಾಡಿಸ್ರಿ. "ನಾಳೆ ನೋಡೂಣು" ಅನಬ್ಯಾಡ್ರಿ, ರವಿವಾರ ನನ್ನ ಪರೀಕ್ಷಾ ಅದ.

ಹಂಗ ನಿಮ್ಮ ಕಾಲಿಗೂ ಒಂದು ಜೋಡಿ ನೋಡ್ರಿ. ಕಟಕಟಿ ಹಿಡಕೊಂಡು ಹೊರಗ ನಿಂತು "ಹಗೂರ, ಹಗೂರ" ಅಂತ ಒದರಿದ್ದು ಸಾಕು. ಒದರೂದಿದ್ರ ಒಳಗ ಬಂದು ಒದರ್ರಿ.

ತ್ರಿವೇಣಿ