ಕೈ ಬಿಡಲ್ಲ ಎಂದಿದ್ದೆ

ಜುಲೈ ೯, ಬುಧವಾರ

ಊಟ ಸೇರಲಿಲ್ಲ. ಶಾಲೆಯ ಆಟದ ಪಿರಿಯಡ್ಡಿನಲ್ಲಿ ಇವತ್ತು ಡ್ರಿಲ್ ಮಾಸ್ತರರಿಗೆ ನೆರವಾಗಿ ಮಕ್ಕಳಿಗೆ ಅಂಗೈ ಅಗಲದ ಹಲಗೆಯ ಮೇಲೆ ನಡೆಯುವುದನ್ನು ಕಲಿಸುತ್ತಿದ್ದೆ. ಎರಡನೇ ಕ್ಲಾಸಿನ ಪುಟಾಣಿ, ನಾವೆಲ್ಲ ಕಡ್ಡಿಪೆಟ್ಟಿಗೆ ಎಂದು ರೇಗಿಸುವವಳು, ಹಲಗೆ ಹತ್ತಿ ಗಡಗಡ ನಡುಗಿದಳು.

"ಅಜ್ಜಿ, ಕೈ ಬಿಡಲ್ಲ ತಾನೇ?"

"ಬಿಡಲ್ಲ ಕಣೇ, ನನ್ನಾಣೆ."

ಅರ್ಧ ದಾರಿಯಲ್ಲಿ ಮೆಲ್ಲಗೆ ಬಿಟ್ಟೆ. ಬೀಳದೆ ತುದಿ ಮುಟ್ಟಿದಳು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಡ್ರಿಲ್ ಮಾಸ್ತರರು, "ಭೇಷ್ ಅಮ್ಮ, ಧೈರ್ಯ ಬರೋದೇ ಹೀಗೆ" ಎಂದರು. ನಾನೂ ಉಬ್ಬಿಹೋದೆ.

ಅವಳು ಮಾತ್ರ ನಗಲಿಲ್ಲ. "ಆಣೆ ಹಾಕಿದ್ರಲ್ಲ ಅಜ್ಜಿ" ಎಂದಳು, ಅಷ್ಟೇ. ಹೋಗಿ ಸಾಲಿನಲ್ಲಿದ್ದ ಗೆಳತಿಯ ಕಿವಿಯಲ್ಲಿ ಏನೋ ಹೇಳಿದಳು. ಆ ಗೆಳತಿಗೆ ನಾನು ಕೈ ಚಾಚಿದರೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಹಲಗೆ ಹತ್ತಿತು ಮಗು. ಮೂರನೇ ಹೆಜ್ಜೆಗೆ ಬಿದ್ದು ಮಂಡಿ ತರಚಿಕೊಂಡಿತು.

ಸಂಜೆ ತಂಗಿಗೆ ಇದನ್ನೇ ಕಾಗದ ಬರೆದೆ; ಆದರೆ ಚಪ್ಪಾಳೆಗೇ ಮುಗಿಸಿ, ಆಮೇಲಿನದನ್ನು ಬಿಟ್ಟುಬಿಟ್ಟೆ. ಅದಕ್ಕೂ ನಾಚಿಕೆಯಾಗುತ್ತಿದೆ. "ಈಗ ಬಿಡಲಾ?" ಎಂದು ಒಂದು ಮಾತು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನಾಳೆ ಎಲ್ಲರೆದುರೇ ಇಬ್ಬರಿಗೂ ತಪ್ಪಾಯಿತು ಎನ್ನಬೇಕು. ಹೇಗೆ ಶುರು ಮಾಡಲಿ? ಕಂದಾ ಎಂದೇ? ಹಾಗೆ ಕರೆಯುವ ಮುಖ ಈಗ ನನಗೆಲ್ಲಿದೆ?