ನವಲೂರು ಏರಿನಲ್ಲಿ ಅಜ್ಜಿ ಬಡಿಯಲಿಲ್ಲ

ಹುಬ್ಬಳ್ಳಿ
ಮೂರನೆಯ ಬಿಡುದಿನ, ೨೧೮೭

ಹಲ್ಲಿನ ಡಾಕ್ಟರು ವಿಶಾಲಾಕ್ಷಿ ಕೊಟಬಾಗಿ ಅವರಿಗೆ, ಆರು ತಲೆಮಾರು ಕೆಳಗಿನ ಮೊಮ್ಮಗಳು ನೀಲಾಂಬಿಕಾ ಮಾಡುವ ನಮಸ್ಕಾರಗಳು.

ಮೇಲಿನ ದಿನಾಂಕ ನಿನಗೆ ಅರ್ಥವಾಗದಿದ್ದರೆ ಕ್ಷಮಿಸು, ಅಜ್ಜಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಫೆಬ್ರವರಿ ಮೂವತ್ತರ ಮುಂದೆ, ಮಾರ್ಚ್ ಒಂದರ ಹಿಂದೆ ಇಟ್ಟಿದ್ದೇವೆ. ಅವು ಯಾವ ತಿಂಗಳಿಗೂ ಸೇರಿಲ್ಲ, ಅಂದು ಯಾರಿಗೂ ಕೆಲಸವಿಲ್ಲ, ಅದಕ್ಕೇ ಬಿಡುದಿನ. ನನ್ನ ಮಾತುಗಳಲ್ಲಿ ಕೆಲವು ನಿನ್ನ ಕಿವಿಗೆ ಒರಟಾಗಿ ಕೇಳಿಸಬಹುದು. ಈ ಕಾಗದ ಬರುವುದು ಹಿಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ತಲುಪಿತೋ ಇಲ್ಲವೋ ಹೇಳುವವರಿಲ್ಲ. ಜನ ಇದನ್ನು ತೀರಿಹೋದ ತಾಯಿಗೆ, ಕೈತಪ್ಪಿದ ಪ್ರೀತಿಗೆ ಉಳಿಸಿಕೊಳ್ಳುತ್ತಾರೆ. ನಾನು ಒಂದು ಕಾರಿಗೆ ಯಾವ ಪೆಟ್ರೋಲು ಹಾಕಬೇಕು ಎಂಬುದಕ್ಕೆ ಖರ್ಚು ಮಾಡುತ್ತಿದ್ದೇನೆ. ನಗಬೇಡ.

ಮೊದಲೇ ಹೇಳಿಬಿಡುತ್ತೇನೆ, ನಿನ್ನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನಿನ್ನದೊಂದು ಫೋಟೊ ನಮ್ಮ ಪಡಸಾಲೆಯಲ್ಲಿದೆ. ಪೆಟ್ರೋಲ್ ಬಂಕಿನಲ್ಲಿ ನಿನ್ನ ಕೆಂಪು ಸ್ಪೋರ್ಟ್ಸ್ ಕಾರು ನಿಂತಿದೆ. ನೀನು ಪಂಪಿಗೆ ಒರಗಿ ಮಿರ್ಚಿ ಭಜಿ ತಿನ್ನುತ್ತಿದ್ದೀಯ. ನಳಿಗೆಯಿಂದ ಟ್ಯಾಂಕಿಗೆ ಪೆಟ್ರೋಲು ಇಳಿಯುತ್ತಿದೆ, ನಿನ್ನ ಕಣ್ಣು ಮಾತ್ರ ಭಜಿಯ ಮೇಲೆ! ಬೇಕಾದಾಗ ಹೋಗಿ, ಬೇಕಾದಷ್ಟು ತುಂಬಿಸಿಕೊಂಡು, ಸೋಮವಾರ ಗೋಕಾಕ, ಮಂಗಳವಾರ ಕಾರವಾರ ಎಂದು ತಿರುಗಿದವಳು ನೀನು. ಪಂಪಿನ ಮೇಲೆ ಪೆಟ್ರೋಲಿನ ದರ್ಜೆಯ ಅಂಕಿ ಬರೆದಿರುತ್ತಿತ್ತಂತೆ. ನಿನ್ನ ಮೊಣಕೈ ಸರಿಯಾಗಿ ಆ ಅಂಕಿಯ ಮೇಲೆಯೇ ಇದೆ. ನೂರಾ ಐವತ್ತು ವರ್ಷದಿಂದ ನಾವು ಆ ಮೊಣಕೈ ನೋಡುತ್ತ ಕೂತಿದ್ದೇವೆ.

ನಮ್ಮ ಕಾಲ ಹೇಗಿದೆ ಎಂದು ಕೇಳುತ್ತೀಯೇನೋ. ಚೆನ್ನಾಗಿಯೇ ಇದೆ. ರಸ್ತೆಯಲ್ಲಿ ಸದ್ದಿಲ್ಲ, ಹೊಗೆಯಿಲ್ಲ. ಎಲ್ಲಿಗೆ ಹೋಗಬೇಕಾದರೂ ಓಣಿಯ ತುದಿಯಲ್ಲಿ ನಿಂತರೆ ಸರಿಗಾಡಿ ಬಂದು ಕರೆದೊಯ್ಯುತ್ತದೆ. ಅದಕ್ಕೆ ಡ್ರೈವರ್ ಇಲ್ಲ, ಒಡೆಯರಿಲ್ಲ, ಅವಸರವೂ ಇಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟರಲ್ಲಿ ಒಂದು ನಿದ್ದೆ ತೆಗೆಯಬಹುದು. ಮಕ್ಕಳಿಗೆ ಉಬ್ಬಸವೆಂದರೆ ಏನೆಂದು ಗೊತ್ತಿಲ್ಲ. ಇದೆಲ್ಲ ಒಳ್ಳೆಯದೇ, ನಾನೇನು ಅಲ್ಲಗಳೆಯುವುದಿಲ್ಲ. ಆದರೆ ಕಾಲಿನಿಂದ ಒಂದು ಪೆಡಲ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದಂತಲ್ಲ, ಆ ಸುಖ ನಿಮ್ಮೊಂದಿಗೇ ಹೋಯಿತು. ಊರಿಗೊಂದೇ ಪೆಟ್ರೋಲ್ ಕಾರು ಉಳಿಸಿಕೊಳ್ಳಲು, ಅದನ್ನು ವರ್ಷಕ್ಕೊಮ್ಮೆ, ಎರಡನೆಯ ಬಿಡುದಿನ, ಇಪ್ಪತ್ತು ಕಿಲೋಮೀಟರ್ ಓಡಿಸಲು ಅಪ್ಪಣೆಯಿದೆ. ಹುಬ್ಬಳ್ಳಿಯ ಪಾಲಿಗೆ ಉಳಿದದ್ದು ನಿನ್ನ ಕೆಂಪು ಕಾರು. ಅದಕ್ಕೆ ಬೇಕಾದ ಪೆಟ್ರೋಲನ್ನು ನಾನು ತೈಲಮನೆಯಲ್ಲಿ ಕಬ್ಬಿನ ಸಿಪ್ಪೆಯಿಂದ ಇಳಿಸುತ್ತೇನೆ. ಒಂಬತ್ತು ಲೀಟರಿಗೆ ಏಳು ತಿಂಗಳು ಬೇಕು. ಅದು ತೊಂಬತ್ತೊಂದರ ದರ್ಜೆ. ತೊಂಬತ್ತೇಳರದ್ದಾದರೆ ಹನ್ನೊಂದು ತಿಂಗಳು. ನಮ್ಮ ಹಿರಿಯರು ಬೇಗ ಆಗುವುದನ್ನೇ ಆರಿಸಿಕೊಂಡಿದ್ದರು, ಯಾಕೆಂದರೆ ಯಾವುದು ಸರಿ ಎಂದು ಹೇಳುವ ಗುರುತು ಎಲ್ಲೂ ಉಳಿದಿರಲಿಲ್ಲ.

ಗುರುತು ಎಲ್ಲಿ ಹೋಯಿತೆಂದು ಕೇಳು. ಟ್ಯಾಂಕಿನ ಮುಚ್ಚಳದ ಒಳಗೆ ಅಂಕಿ ಅಚ್ಚಾಗಿತ್ತು. ನಾವು ಭಕ್ತಿವಂತರಲ್ಲವೇ! ಪ್ರತಿ ಆಯುಧಪೂಜೆಗೂ ಆ ಮುಚ್ಚಳವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆವು. ಮೂರನೆಯ ತಲೆಮಾರಿನ ಹೊತ್ತಿಗೆ ಮುಚ್ಚಳ ಫಳಫಳ, ಅಂಕಿ ಮಾಯ. ಕಾರಿನ ಕೈಪಿಡಿಯನ್ನು ದೇವರ ಜಗುಲಿಯಲ್ಲಿಟ್ಟು ವರ್ಷವರ್ಷವೂ ಎಣ್ಣೆ, ಕುಂಕುಮ ಹಚ್ಚಿ ಹಾಳೆಗಳೆಲ್ಲ ಇಟ್ಟಿಗೆಯಂತೆ ಅಂಟಿಕೊಂಡವು. ಬಿಡಿಸಿದರೆ ಹರಿಯುತ್ತದೆ, ಹರಿದರೆ ಪಾಪ. ಇನ್ನು ನಿನ್ನ ಕಾರಿಗೊಂದು ಬುದ್ಧಿಪೆಟ್ಟಿಗೆ ಇತ್ತಲ್ಲ, ತಪ್ಪು ಪೆಟ್ರೋಲು ಹಾಕಿದರೂ ಕಿಡಿಯನ್ನು ಹಿಂದೆಮುಂದೆ ಮಾಡಿ ಸಂಭಾಳಿಸುತ್ತಿದ್ದದ್ದು, ಅದು ಸತ್ತು ನೂರು ವರ್ಷವಾಯಿತು. ಅಂದಿನಿಂದ ಕಾರು ಧಾರವಾಡದ ದಾರಿಯಲ್ಲಿ ನವಲೂರು ಏರು ಹತ್ತುವಾಗ ಇಂಜಿನ್ನಿನೊಳಗಿಂದ ಟಕ್ ಟಕ್ ಟಕ್ ಎಂದು ಬಡಿತ ಶುರುವಾಯಿತು. ಕೀಳು ದರ್ಜೆಯ ಪೆಟ್ರೋಲು ಒತ್ತಡ ತಾಳದೆ ಹೊತ್ತಿಗೆ ಮುಂಚೆ ಸಿಡಿದರೆ ಬರುವ ಸದ್ದು ಅದು. ನಮ್ಮವರು ಅದಕ್ಕೆ ಏನೆಂದರು ಗೊತ್ತೇ? ಅಜ್ಜಿ ಬಂದಳು, ಬಾಗಿಲು ಬಡಿಯುತ್ತಿದ್ದಾಳೆ ಎಂದರು! ಏರಿನ ಎರಡೂ ಬದಿಗೆ ಬಂಧುಬಳಗ ನಿಂತು, ಟಕ್ ಎಂದ ಕೂಡಲೇ ಕೈಮುಗಿಯುತ್ತದೆ. ಬಡಿತ ಜೋರಾದಷ್ಟೂ ಆ ವರ್ಷ ಸುಭಿಕ್ಷ, ಕಾರು ಓಡಿಸಿದವರು ಪುಣ್ಯವಂತರು.

ಹೋದ ವರ್ಷ ಓಡಿಸಿದವಳು ನನ್ನ ತಂಗಿ ಮುಕ್ತಾಯಿ. ನನಗಿಂತ ಎಂಟು ವರ್ಷ ಚಿಕ್ಕವಳು. ಹದಿನಾರು ವರ್ಷ ಎಣ್ಣೆ ಇಳಿಸಿ ಕೈ ಸುಟ್ಟುಕೊಂಡವಳು ನಾನು, ಕೀಲಿ ಸಿಕ್ಕಿದ್ದು ಅವಳಿಗೆ. ಮನೆಯ ಹಿರಿಯರಾದ ದೊಡ್ಡಪ್ಪ ಸಂಗನಬಸಪ್ಪನವರನ್ನು ಕೇಳಿದರೆ, ‘ನೀ ಎಣ್ಣಿ ಮಾಡಾಕಿ, ಆಕಿ ಓಡ್ಸಾಕಿ. ಇಬ್ರಿಗೂ ಒಂದೊಂದು ಆತಲ್ಲವಾ’ ಎಂದರು. ಯಾರ ಕೈಗೆ ಕೊಟ್ಟರೋ ಅವರೇ ಮುಪ್ಪಿನವರೆಗೆ ಓಡಿಸುವುದು ಪದ್ಧತಿ. ಅಂದಮೇಲೆ ನನ್ನ ಸರದಿ ಬರುವುದೇ ಇಲ್ಲ. ಅವಳು ಇಳಿದು ಬಂದಾಗ ಅವಳ ಕೂದಲಿಗೆ ಪೆಟ್ರೋಲಿನ ವಾಸನೆ ಹತ್ತಿತ್ತು. ಆ ವಾಸನೆ ನನ್ನದು, ಅಜ್ಜಿ, ನಾನು ಮಾಡಿದ್ದು. ಅಂದು ನನಗೆ ಊಟ ಸೇರಲಿಲ್ಲ.

ಆ ಓಟದ ಬಳಿಕ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿದೆ. ತುದಿಯಲ್ಲಿ ಅಲ್ಯೂಮಿನಿಯಂ ಚುಕ್ಕೆಗಳು. ಪಿಸ್ಟನ್ ಕರಗಿ ಉದುರತೊಡಗಿತ್ತು. ಪಾಪ ಬಂದರೆ ಬರಲಿ ಎಂದು ಕೈಪಿಡಿಯನ್ನು ಇಡ್ಲಿಪಾತ್ರೆಯ ಹಬೆಯಲ್ಲಿಟ್ಟು ಹಾಳೆ ಬಿಡಿಸಿದೆ. ಒಂದು ಹಾಳೆ ಸಾಕಾಯಿತು: ತೊಂಬತ್ತೇಳಕ್ಕಿಂತ ಕಡಿಮೆ ಬೇಡ. ಇನ್ನೊಂದೆರಡು ಸಲ ಅಜ್ಜಿ ಬಾಗಿಲು ಬಡಿದರೆ ಕಾರು ಸತ್ತಂತೆಯೇ. ಹನ್ನೊಂದು ತಿಂಗಳು ಕೂತು ತೊಂಬತ್ತೇಳನ್ನು ಇಳಿಸಿದೆ. ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಬಡಿತ ನಿಂತರೆ ಬೈಗುಳ ಯಾರ ತಲೆಗೆ ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೆ.

ನಿನ್ನೆ ಓಟವಾಯಿತು. ನವಲೂರು ಏರನ್ನು ನಿನ್ನ ಕಾರು ಹತ್ತಿದ ಚೆಂದ ನೀನು ನೋಡಬೇಕಿತ್ತು! ಒಂದೇ ಉಸಿರು, ಒಂದೇ ದನಿ. ಟಕ್ ಎನ್ನಲಿಲ್ಲ, ಒಮ್ಮೆಯೂ. ನಾನೊಬ್ಬಳೇ ಸಂತೋಷದಿಂದ ಅತ್ತೆ, ಉಳಿದವರು ಗಾಬರಿಯಿಂದ ಅತ್ತರು. ಮುಗಿಯಲು ಎತ್ತಿದ ಕೈಗಳು ಹಾಗೇ ನಿಂತವು. ನಾವೆಲ್ಲ ಸರಿಗಾಡಿಗಳಲ್ಲಿ ಹಿಂದೆಯೇ ಹೋದೆವು. ಕಾರು ಧಾರವಾಡ ಮುಟ್ಟಿದ ಮೇಲೆ ದೊಡ್ಡಪ್ಪ ಮುಕ್ತಾಯಿಯನ್ನು ಇಳಿಸಿ, ‘ಅಜ್ಜಿ ಮುನಿಸ್ಕೊಂಡಾಳ. ಮೈಲಿಗಿ ಏನರ ಮಾಡೀಯೇನ ನೀ?’ ಎಂದು ಎಲ್ಲರೆದುರು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಎಣ್ಣೆ ಹತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳು ನನ್ನ ಹತ್ತಿರ ಬಂದು, ‘ಅಕ್ಕಾ, ನಾ ಏನ್ ತಪ್ ಮಾಡೇನಿ? ನೀನರ ಹೇಳ’ ಎಂದಳು. ‘ನನಗೇನ್ ಗೊತ್ತವಾ’ ಎಂದೆ. ದೊಡ್ಡಪ್ಪ ಅವಳ ಕೈಯಿಂದ ಕೀಲಿ ಕಸಿದು ನನ್ನ ಕೈಯಲ್ಲಿಟ್ಟರು. ನನ್ನ ಕೈಯಲ್ಲಿ, ಅಜ್ಜಿ! ಒಂದು ಗಳಿಗೆ ಎಷ್ಟು ಖುಷಿಯಾಯಿತೆಂದರೆ ಹೇಳಲು ನಾಚಿಕೆಯಾಗುತ್ತದೆ.

ಈಗ ಕೀಲಿ ಇದೇ ಮೇಜಿನ ಮೇಲಿದೆ. ಮುಂದಿನ ವರ್ಷ ನಾನು ತೊಂಬತ್ತೊಂದು ಹಾಕಿದರೆ ಟಕ್ ಟಕ್ ಬರುತ್ತದೆ, ಎಲ್ಲರೂ ಕೈಮುಗಿಯುತ್ತಾರೆ, ಅಜ್ಜಿ ನೀಲಾಂಬಿಕಾಗೆ ಒಲಿದಳು ಎನ್ನುತ್ತಾರೆ, ಕಾರು ಏರಿನ ತುದಿಯಲ್ಲಿ ಸಾಯುತ್ತದೆ. ತೊಂಬತ್ತೇಳು ಹಾಕಿದರೆ ಕಾರು ಬದುಕುತ್ತದೆ, ನಾನೂ ಮೈಲಿಗೆಯಾಗುತ್ತೇನೆ. ಅದಕ್ಕೇ ನಿನಗೆ ಬರೆಯಲು ಕೂತೆ. ಆ ಮುಚ್ಚಳದ ಒಳಗೆ ತೊಂಬತ್ತೇಳು ಎಂದು ಉಳಿಯಿಂದ ಆಳವಾಗಿ ಕೆತ್ತಿಸು. ಹಲ್ಲು ಕೊರೆಯುವ ಯಂತ್ರ ನಿನ್ನ ಹತ್ತಿರ ಇದೆಯಲ್ಲ, ಬೇಕಾದರೆ ಅದರಲ್ಲೇ ಕೊರೆ. ಹುಣಸೆಹಣ್ಣಿಗೆ ಬಗ್ಗದಂತೆ ಕೊರೆ. ಹಾಗೆ ಮಾಡಿದರೆ ಬಡಿತವೂ ಇಲ್ಲ, ಕೈಮುಗಿಯುವುದೂ ಇಲ್ಲ, ನಿನ್ನೆಯ ಅವಮಾನವೂ ಇಲ್ಲ. ಕೀಲಿ ಮುಕ್ತಾಯಿಯ ಬಳಿಯೇ ಉಳಿಯುತ್ತದೆ, ನಾನು ಯಾರ ಮುಂದೆಯೂ ಬಾಯಿ ಬಿಡಬೇಕಾಗಿಲ್ಲ.

ಇಲ್ಲಿಗೆ ಬರೆದು ನಿಲ್ಲಿಸಿ ಓದಿಕೊಂಡೆ. ಥೂ ನನ್ನ! ನಾನು ಮಾಡಿದ್ದನ್ನು ತೊಳೆಯಲು ನೂರಾ ಐವತ್ತು ವರ್ಷ ಹಿಂದಿನ ಮುದುಕಿಯನ್ನು ಕರೆಯುತ್ತಿದ್ದೇನೆ. ಹಿಂಚೆಗೆ ಒಬ್ಬ ರಕ್ತಸಂಬಂಧಿಯ ಸಾಕ್ಷಿ ಬೇಕು. ಅವರು ಕಾಗದ ಪೂರ್ತಿ ಕೇಳಿ, ಕೆಳಗೆ ತಮ್ಮ ಕೈಯಿಂದ ಒಂದು ಮಾತು ಬರೆಯಬೇಕು. ಕಿವಿ ಕೇಳದ ಚಿಕ್ಕಜ್ಜಿಯನ್ನು ಕರೆಯಬೇಕೆಂದಿದ್ದೆ. ಅವಳಾದರೆ ಎಲ್ಲದಕ್ಕೂ ಹೂಂ ಎನ್ನುತ್ತಾಳೆ. ಕರೆಯಲಿಲ್ಲ. ಮುಕ್ತಾಯಿಗೆ ಹೇಳಿಕಳಿಸಿದೆ. ಎದುರಿಗೆ ಕೂರಿಸಿ, ಮೊದಲ ಸಾಲಿನಿಂದ ಇಲ್ಲಿಯವರೆಗೆ ಓದಿದೆ, ಖುಷಿಯಾಯಿತು ಎಂಬುದನ್ನೂ ಬಿಡದೆ. ಈಗ ಅವಳು ಲೇಖನಿಗೆ ಕೈ ಚಾಚುತ್ತಿದ್ದಾಳೆ. ಏನು ಬರೆಯುತ್ತಾಳೋ ನನಗೆ ತಿಳಿಯದು, ಏನೇ ಬರೆದರೂ ನಾನು ಹೊಡೆದು ಹಾಕುವುದಿಲ್ಲ. ಬರುತ್ತೇನೆ, ಅಜ್ಜಿ.

ನೀಲಾಂಬಿಕಾ

ಸಾಕ್ಷಿ:

ಅಜ್ಜಿ, ನಮ್ಮಕ್ಕ ಹೊಟ್ಟಿಕಿಚ್ಚಿನಾಕಿ, ಖರೆ. ಎಣ್ಣಿ ಮಾತ್ರ ಖರೇದ ಹಾಕ್ಯಾಳ. ಏರಿನಾಗ ಕಾರು ಹೆಂಗ ಹೋತು ಅಂತ ಒಳಗ ಕುಂತಿದ್ದ ನನಗಷ್ಟ ಗೊತ್ತೈತಿ, ಆಕಿಗೆ ಗೊತ್ತಿಲ್ಲ. ನಾಳಿ ದೊಡ್ಡಪ್ಪನ ಮುಂದ ಈ ಕಾಗದ ಆಕಿ ಕಡಿಂದನ ಓದಸ್ತೀನಿ, ಆಮ್ಯಾಲೆ ಟಪಾಲಿಗೆ ಹಾಕ್ತೀವಿ. ನೀ ಕೆತ್ತು, ಬಿಡು, ನಿನ್ನ ಖುಷಿ. ಕೀಲಿ ನಾ ತಗೊಂಡೀನಿ. — ಮುಕ್ತಾಯಿ